ಎಐ ಕೊಡೋ ಉತ್ತರಕ್ಕೂ ಒಂದು ಎಂಆರ್ ನಂಬರ್ ಬೇಕು

ಮನೆಯಲ್ಲಿರೋ ಪಹಣಿ ತೆಗೆದು ನೋಡಿ. ಮಾಲೀಕರ ಹೆಸರಿನ ಜೊತೆ ಒಂದು ಎಂಆರ್ ನಂಬರ್ ಇರುತ್ತೆ. ಆ ಹೆಸರು ಕ್ರಯದಿಂದ ಬಂತೋ, ಪೌತಿ ಖಾತೆಯಿಂದಲೋ, ವಿಭಾಗದಿಂದಲೋ ಅನ್ನೋದನ್ನ ಆ ನಂಬರ್ ಹಿಡಿದು ಹುಡುಕಬಹುದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಎಐ ಆ್ಯಪ್‌ಗಳ ಉತ್ತರಕ್ಕೂ ಇಂಥದ್ದೊಂದು ನಂಬರ್ ಬೇಕು ಅನ್ನೋದು ನನ್ನ ವಾದ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಪಹಣಿಯ ಫೋಟೋ ಹಾಕಿದರೆ ಸರಳ ಕನ್ನಡದಲ್ಲಿ ವಿವರಿಸುವ, ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದ ಆ್ಯಪ್. ಹೊಸಕೋಟೆಯ ರೈತರೊಬ್ಬರಿಗೆ ಅದು 'ಜಮೀನಿನ ಮೇಲೆ ಸಾಲ ಇಲ್ಲ' ಅನ್ನುತ್ತೆ. ಋಣಗಳ ಕಾಲಂನಲ್ಲಿ ನೋಡಿದರೆ ಬ್ಯಾಂಕ್ ಸಾಲ ಇದೆ. ತಪ್ಪಿದ್ದೆಲ್ಲಿ? ಫೋಟೋ ಓದುವಾಗ ಆ ಕಾಲಂ ಬಿಟ್ಟುಹೋಯಿತಾ? ಬೇರೆ ಹಿಸ್ಸಾದ ಮಾಹಿತಿ ಬಂತಾ? ಎಲ್ಲ ಸರಿಯಿದ್ದೂ ಮಾಡೆಲ್ ಕಟ್ಟಿ ಹೇಳಿತಾ? ಸರ್ವರ್ ಲಾಗ್‌ನಲ್ಲಿ ಮಾತ್ರ '200 ಓಕೆ'. ಸಾಮಾನ್ಯ ಸಾಫ್ಟ್‌ವೇರ್ ಕೆಟ್ಟರೆ ಎಷ್ಟೋ ಸಲ ಎರರ್ ಆದರೂ ಬರುತ್ತೆ. ಎಐ ತಪ್ಪಿದರೂ ಬರೋದು ಸರಿಯಾದ ಉತ್ತರದಂತೆಯೇ ಕಾಣುವ ವಾಕ್ಯ.

ಟ್ರೇಸಿಂಗ್ ಬೇಕಾಗೋದು ಇಲ್ಲೇ. ಪ್ರಶ್ನೆ ಬಂದ ಕೂಡಲೇ ಅದಕ್ಕೊಂದು ಟ್ರೇಸ್ ಐಡಿ ಸಿಗುತ್ತೆ. ಫೋಟೋ ಓದೋದು, ಮಾಹಿತಿ ಹುಡುಕೋದು, ಮಾಡೆಲ್‌ನ್ನು ಕೇಳೋದು, ಹೀಗೆ ಪ್ರತಿ ಹಂತವೂ ಅದರಡಿ ಒಂದು 'ಸ್ಪ್ಯಾನ್'. ಏನು ಒಳಗೆ ಹೋಯಿತು, ಏನು ಹೊರಬಂತು, ಯಾವ ಮಾಡೆಲ್, ಎಷ್ಟು ಟೋಕನ್, ಎಷ್ಟು ಹೊತ್ತು, ಇವನ್ನೆಲ್ಲ ಅದರಲ್ಲಿ ದಾಖಲಿಸಬಹುದು. ಮಾಡೆಲ್ ಯಾಕೆ ಹಾಗೆ ಹೇಳಿತು ಅಂತ ಟ್ರೇಸ್ ಹೇಳಲ್ಲ. ಯಾವ ಹಂತದಲ್ಲಿ ಕೆಟ್ಟಿತು ಅಂತ ತೋರಿಸುತ್ತೆ.

ಇದಕ್ಕೆ ಮುಕ್ತ ಸಾಧನವಿದೆ. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು 2019ರಲ್ಲಿ ಸೇರಿ ಓಪನ್‌ಟೆಲಿಮೆಟ್ರಿ ಆದವು. ಅದರ ಟೈಪ್‌ಸ್ಕ್ರಿಪ್ಟ್ ಲೈಬ್ರರಿ ಉಚಿತ. ಬಳಸುವವರು ಒಂದು ವಿಷಯ ನೆನಪಿಡಬೇಕು: ಉಳಿದ ಮಾಡ್ಯೂಲ್‌ಗಳಿಗಿಂತ ಮೊದಲು ಅದನ್ನು ಲೋಡ್ ಮಾಡಬೇಕು. ಇಲ್ಲದಿದ್ದರೆ ಹಲವು ಕರೆಗಳು ದಾಖಲಾಗದೇ ಹೋಗುತ್ತವೆ.

ಅಪಾಯವೂ ಇದೆ. ಎಲ್ಲವನ್ನೂ ಬರೆದಿಟ್ಟರೆ ಹೆಸರು, ಸರ್ವೆ ನಂಬರ್, ಫೋನ್ ನಂಬರ್ ಕೂಡ ಅಲ್ಲೇ ಕೂರುತ್ತವೆ. ಹಾಗಾಗಿ ಉಳಿಸುವ ಮೊದಲೇ ವೈಯಕ್ತಿಕ ವಿವರ ಮರೆಮಾಚಬೇಕು, ಅವಧಿ ಮುಗಿದ ಮೇಲೆ ಅಳಿಸಬೇಕು.

ಇದು ಬರೀ ಎಂಜಿನಿಯರ್‌ಗಳ ವಿಷಯ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಂಪ್ಯೂಟರ್‌ನಲ್ಲಿರುವ ದಾಖಲೆಯನ್ನೂ ಕೇಳಬಹುದು. ಆದರೆ ಇರುವ ದಾಖಲೆಯನ್ನು ಮಾತ್ರ. ಸರ್ಕಾರಿ ಸೇವೆಗೆ ಎಐ ಬಂದಾಗ ಟ್ರೇಸ್ ಇಟ್ಟಿಲ್ಲ ಅಂದರೆ ನಿಮ್ಮ ಅರ್ಜಿಗೆ ಬರುವ ಉತ್ತರ 'ಮಾಹಿತಿ ಲಭ್ಯವಿಲ್ಲ'. ಟೆಂಡರ್ ಹಂತದಲ್ಲೇ ಕೇಳಬೇಕಾದ ಪ್ರಶ್ನೆ ಇದು: ಪ್ರತಿ ಉತ್ತರದ ಕೆಳಗೆ ಟ್ರೇಸ್ ನಂಬರ್ ಬರುತ್ತಾ?