ಶಾಲೆಯಲ್ಲಿ ಸಂಗೀತ ಶಿಕ್ಷಣ

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಭಜನೆಯಲ್ಲಿ ಜನರು ಒಂದೇ ದನಿಯಾಗಿ ಹಾಡುತ್ತಾರೆ. ಅವರಲ್ಲಿ ಬಹುಮಂದಿ ಸಂಗೀತಶಾಸ್ತ್ರವನ್ನು ಕಲಿತವರಲ್ಲ. ಕೇಳಿ ಕೇಳಿಯೇ ಹಾಡು ಅವರಿಗೆ ವಶವಾಗಿದೆ. ಹೀಗೆ ಕಿವಿಗೆ ದಕ್ಕಿದುದನ್ನು ಬುದ್ಧಿಗೂ ಎಟುಕಿಸುವುದೇ ಶಾಲೆಯ ಸಂಗೀತ ಶಿಕ್ಷಣದ ಉದ್ದೇಶ.

ಈ ಶಿಕ್ಷಣದ ಮೊದಲ ಮೆಟ್ಟಿಲು ಸ್ವರಜ್ಞಾನ. ಹಿಂದುಸ್ತಾನಿ ಪದ್ಧತಿಯ 7 ಸ್ವರಗಳಲ್ಲಿ ಷಡ್ಜ, ಪಂಚಮಗಳು ಅಚಲವಾದವು. ರಿಷಭ, ಗಾಂಧಾರ, ಧೈವತ, ನಿಷಾದಗಳಿಗೆ ಕೋಮಲ ರೂಪವೂ ಮಧ್ಯಮಕ್ಕೆ ತೀವ್ರ ರೂಪವೂ ಇರುವುದರಿಂದ ಒಟ್ಟು 12 ಸ್ವರಸ್ಥಾನಗಳಾಗುತ್ತವೆ. ಎರಡನೆಯದು ಲಯಜ್ಞಾನ. 16 ಮಾತ್ರೆಗಳ ತೀನ್‌ತಾಲದಲ್ಲಿ 1, 5, 13ನೆಯ ಮಾತ್ರೆಗಳಿಗೆ ಕೈತಟ್ಟಬೇಕು. 9ನೆಯದಕ್ಕೆ ತಟ್ಟದೆ ಕೈಬೀಸಬೇಕು. ಅದೇ ‘ಖಾಲಿ’.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಶಾಲಾಬಾಲಕಿಯರಲ್ಲಿ 11 ವರ್ಷದ ಗಂಗೂಬಾಯಿ ಹಾನಗಲ್ ಅವರೂ ಇದ್ದರು. ಅವರ ಶಾಲೆಯ ಓದು ಐದನೆಯ ತರಗತಿಗೇ ನಿಂತಿತು. ಸಂಗೀತದ ಕಲಿಕೆ ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿ ನೆಲೆಸಿದ ಮೇಲೆ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಶಿಷ್ಯವೃತ್ತಿ ಮಾಡಿದರು. ಒಂದೊಂದು ಸ್ವರಸಮೂಹವನ್ನೂ ಮತ್ತೆ ಮತ್ತೆ ಹಾಡಿ ಸಾಧಿಸಿದರು. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂದಿತು.

ಇಂತಹ ಸಾಧನೆಗೆ ವಾರದ ಒಂದೆರಡು ಅವಧಿಗಳು ಸಾಲವು, ನಿಜ. ಎಲ್ಲ ವಿದ್ಯಾರ್ಥಿಗಳೂ ಗಾಯಕರಾಗಬೇಕಾಗಿಯೂ ಇಲ್ಲ. ಹಾಗೆಂದು ಸಂಗೀತದ ಅವಧಿಯನ್ನು ಬೇರೆ ಪಾಠಕ್ಕೆ ಬಿಟ್ಟುಕೊಡುವುದು ಸರಿಯಲ್ಲ. ಆ ಅವಧಿ ತರಗತಿಯ ಒಬ್ಬರಿಗೆ ಗುರುವಿನ ಮನೆಯ ದಾರಿ ತೋರಿಸೀತು. ಉಳಿದವರಿಗೆಲ್ಲ ಕೇಳುವ ಸಂಸ್ಕಾರವನ್ನು ಕೊಟ್ಟೀತು. ಕೇಳುವ ಕಿವಿಗಳಿಲ್ಲದ ನಾಡಿನಲ್ಲಿ ಹಾಡುವ ಕಂಠ ಬಾಳಲಾರದು.