ಘರ್ಷಣೆ ತಿನ್ನುವ ಶಕ್ತಿ
ಕಾರಿಗೆ ಹಾಕಿಸುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಘರ್ಷಣೆಯನ್ನು ಮೀರುವುದಕ್ಕೇ ಖರ್ಚಾಗುತ್ತದೆ. ಪಿಸ್ಟನ್, ಗೇರು, ಬೇರಿಂಗು, ಟೈರು ಎಲ್ಲ ಸೇರಿ.

ಬರೀ ಕಾರಲ್ಲ. 2017ರಲ್ಲಿ ಹೋಲ್ಮ್‌ಬರ್ಗ್ ಮತ್ತು ಎರ್ಡೆಮಿರ್ ಎಂಬ ವಿಜ್ಞಾನಿಗಳು ಜಗತ್ತಿನ ಲೆಕ್ಕವನ್ನೇ ಹಾಕಿದರು. ನಾವು ಬಳಸುವ ಒಟ್ಟು ಶಕ್ತಿಯಲ್ಲಿ ಶೇ. 20ರಷ್ಟು ಘರ್ಷಣೆಗೆ, ಇನ್ನು ಶೇ. 3ರಷ್ಟು ಸವೆದ ಭಾಗಗಳನ್ನು ಮತ್ತೆ ತಯಾರಿಸುವುದಕ್ಕೆ!

ಹಾಗಾದರೆ ಈ ನಷ್ಟ ತಗ್ಗಿಸಲು ಸಂಶೋಧನೆ ಎಲ್ಲಿ ನಡೆಯಬೇಕು?

ಮೊದಲು ಎಂಜಿನ್ ಆಯಿಲ್. ಅದು ತೆಳುವಾದಷ್ಟೂ ಯಂತ್ರ ಹಗುರಾಗಿ ತಿರುಗುತ್ತದೆ. ತೀರಾ ತೆಳುವಾದರೆ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಅತ್ತ ಇಂಧನ ಉಳಿಯಿತು, ಇತ್ತ ಎಂಜಿನ್ ಸವೆಯಿತು. ಈ ಇಕ್ಕಟ್ಟಿನಲ್ಲೂ ಲೋಹವನ್ನು ಕಾಯುವಂಥ, ಅಗ್ಗದ, ಬಾಳಿಕೆ ಬರುವ ಲೇಪನಗಳು ಬೇಕು.

ಎಲೆಕ್ಟ್ರಿಕ್ ವಾಹನದ ಪಾಡೇ ಬೇರೆ. ಮೋಟಾರಿನ ವಿದ್ಯುತ್ತು ಬೇರಿಂಗಿನ ಮೂಲಕ ಹಾಯ್ದು, ಸಣ್ಣ ಕಿಡಿಗಳಿಂದ ಉಕ್ಕಿನ ಮೇಲೆ ಗುಳಿ ಕೊರೆಯಬಹುದು. ಅದಕ್ಕೆ ತಕ್ಕ ಗ್ರೀಸ್ ಬೇಕು.

ಇನ್ನು ಗಾಳಿಯಂತ್ರ. ಚಿತ್ರದುರ್ಗ, ಗದಗದ ಕಡೆ ಸಾಲುಸಾಲಾಗಿ ಕಾಣುತ್ತವಲ್ಲ, ಅಂಥವು. ಕೆಲವು ಗಾಳಿಯಂತ್ರಗಳ ಗೇರ್‌ಬಾಕ್ಸ್ ಬೇರಿಂಗುಗಳಲ್ಲಿ, ಆಯಸ್ಸು ಮುಗಿಯುವ ಎಷ್ಟೋ ಮೊದಲೇ, ಉಕ್ಕಿನ ಒಳಗೇ ಬಿರುಕು ಬಿಡುತ್ತದೆ. ಕಾರಣ ಏನೆಂಬುದರಲ್ಲಿ ತಜ್ಞರಿಗೆ ಇನ್ನೂ ಒಮ್ಮತವಿಲ್ಲ.

ನನ್ನ ಪ್ರಕಾರ ದೊಡ್ಡ ಕೊರತೆ ಇದು: ಲ್ಯಾಬಿನಲ್ಲಿ ಗೆದ್ದ ಎಣ್ಣೆಯು ಧೂಳು, ತೇವ, ಏರಿಳಿಯುವ ಹೊರೆ ಇರುವ ನಿಜವಾದ ಯಂತ್ರದಲ್ಲಿ ಸೋಲಬಹುದು. ಕಾರ್ಖಾನೆಯವರೇ, ಸವೆದ ಬೇರಿಂಗನ್ನು ಗುಜರಿಗೆ ಹಾಕುವ ಮೊದಲು, ಅದು ಓಡಿದ ಗಂಟೆಗಳ ಲೆಕ್ಕದ ಜೊತೆ ಅಧ್ಯಯನಕ್ಕೆಂದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ಕೊಡಿ.