ಮೆಮ್‌ಕಾಪಿ ಮತ್ತು ಮೆಮ್‌ಮೂವ್: ಕಾಪಿ ಮಾಡೋಕೂ ದಿಕ್ಕು ಬೇಕು!

ಇವತ್ತು ಒಂದು ಸಣ್ಣ ಪ್ರಶ್ನೆ. ಮೆಮೊರಿಯಲ್ಲಿ ಒಂದು ಕಡೆ ಇರೋ ಡೇಟಾನ ಇನ್ನೊಂದು ಕಡೆಗೆ ಕಾಪಿ ಮಾಡುವಾಗ, ಆ ಎರಡು ಜಾಗಗಳು ಒಂದರ ಮೇಲೊಂದು ಬಂದ್ರೆ ಏನಾಗುತ್ತೆ? 2010ರಲ್ಲಿ ಇದೇ ಕಾರಣಕ್ಕೆ ಲಿನಕ್ಸ್ ಬಳಸೋ ಕೆಲವರ ಬ್ರೌಸರ್‌ನಲ್ಲಿ ಹಾಡಿನ ಸೌಂಡೇ ಕೆಟ್ಟುಹೋಗಿತ್ತು. ಆ ಕಥೆಗೆ ಬರ್ತೀನಿ, ಮೊದಲು ಲೆಕ್ಕ ನೋಡೋಣ.

ಸಾಲಾಗಿ ಐದು ಮನೆ ಬರ್ಕೊಳ್ಳಿ. ಅದರಲ್ಲಿ ಅ, ಆ, ಇ, ಈ, ಉ ತುಂಬಿ. ಮೊದಲ ನಾಲ್ಕನ್ನ ಒಂದೊಂದು ಮನೆ ಬಲಕ್ಕೆ ಕಾಪಿ ಮಾಡ್ಬೇಕು. ಎಡದಿಂದ ಶುರು ಮಾಡಿದ್ರೆ, 'ಅ' ಎರಡನೇ ಮನೆಗೆ ಹೋಗುತ್ತೆ, ಅಲ್ಲಿದ್ದ 'ಆ' ಅಳಿಸಿಹೋಗುತ್ತೆ. ಮುಂದಿನ ಸಲ ಎರಡನೇ ಮನೆಯಿಂದ ಎತ್ಕೊಳ್ಳೋದೂ ಅದೇ 'ಅ'. ಕೊನೆಗೆ ಐದೂ ಮನೆಯಲ್ಲಿ ಬರೀ 'ಅ'! ಬಲಗಡೆಯಿಂದ ಶುರು ಮಾಡಿದ್ರೆ ಮಾತ್ರ ಅ, ಅ, ಆ, ಇ, ಈ ಅಂತ ಸರಿಯಾಗಿ ಬರುತ್ತೆ. ಎಡಕ್ಕೆ ಸರಿಸೋದಾದ್ರೆ ಇದರ ಉಲ್ಟಾ.

ಸಿ ಭಾಷೆಯಲ್ಲಿ ಇದಕ್ಕೆ ಎರಡು ಫಂಕ್ಷನ್ ಇವೆ. ಜಾಗಗಳು ಒಂದರ ಮೇಲೊಂದು ಬಂದ್ರೂ ಫಲಿತಾಂಶ ಸರಿ ಇರುತ್ತೆ ಅಂತ ಮೆಮ್‌ಮೂವ್ ಗ್ಯಾರಂಟಿ ಕೊಡುತ್ತೆ. ಮೆಮ್‌ಕಾಪಿ ಆ ಗ್ಯಾರಂಟಿ ಕೊಡಲ್ಲ. ಹಾಗೆ ಕರೆದ್ರೆ ಏನು ಬೇಕಾದ್ರೂ ಆಗಬಹುದು ಅಂತಾನೇ ನಿಯಮ ಹೇಳುತ್ತೆ.

ಈ ನಿಯಮವನ್ನ ಕಂಪೈಲರ್ ಚೆನ್ನಾಗಿ ಬಳಸಿಕೊಳ್ಳುತ್ತೆ. ಎಂಟು ಬೈಟ್ ಮೆಮ್‌ಕಾಪಿ ಅಂದ್ರೆ ಎಷ್ಟೋ ಸಲ ಫಂಕ್ಷನ್ ಕರೆಯೋದೇ ಇಲ್ಲ, ಒಂದು ಸಲ ಓದಿ ಒಂದು ಸಲ ಬರೆದುಬಿಡುತ್ತೆ. ನೀವೇ ಲೂಪ್ ಬರೆದು ಒಂದೊಂದೇ ಬೈಟ್ ಕಾಪಿ ಮಾಡಿದ್ರೆ, ಜಿಸಿಸಿ, ಕ್ಲ್ಯಾಂಗ್ ಅದನ್ನ ಗುರುತು ಹಿಡಿದು ಮೆಮ್‌ಕಾಪಿಯಾಗಿ ಬದಲಾಯಿಸಬಲ್ಲವು. ಆದ್ರೆ ಜಾಗಗಳು ಬೇರೆ ಬೇರೆ ಅಂತ ಖಾತ್ರಿ ಇರ್ಬೇಕು. ಯಾಕಂದ್ರೆ ನಿಮ್ಮ ಲೂಪ್ ಐದೂ ಮನೆಗೆ 'ಅ' ತುಂಬೋದಾದ್ರೆ, ಕಂಪೈಲರ್ ಕೊಡೋ ಕೋಡ್ ಕೂಡ ಅದನ್ನೇ ಮಾಡ್ಬೇಕು. ಖಾತ್ರಿ ಇಲ್ಲದಿದ್ರೆ, ಪ್ರೋಗ್ರಾಮ್ ಓಡುವಾಗಲೇ ಎರಡೂ ವಿಳಾಸ ಹೋಲಿಸಿ ನೋಡೋ ಕೋಡ್ ಸೇರಿಸಬಹುದು: ದೂರ ಇದ್ರೆ ಫಾಸ್ಟ್ ದಾರಿ, ಇಲ್ಲಾಂದ್ರೆ ನಿಧಾನದ ದಾರಿ. 1999ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಬಂದ 'ರಿಸ್ಟ್ರಿಕ್ಟ್' ಅನ್ನೋ ಪದ, "ಇವೆರಡು ಜಾಗ ಸೇರಲ್ಲ" ಅಂತ ನಾವು ಕಂಪೈಲರ್‌ಗೆ ಕೊಡೋ ಮಾತು. ಆ ಮಾತು ತಪ್ಪಿದ್ರೆ ಹೊಣೆ ನಮ್ಮದೇ.

ಈಗ ಹಾಡಿನ ಕಥೆ. ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಗೆ ಹೊಸ, ವೇಗದ ಮೆಮ್‌ಕಾಪಿ ಬಂತು. ಕೆಲವು ಪ್ರೊಸೆಸರ್‌ಗಳಲ್ಲಿ ಅದು ಹಿಂದಿನಿಂದ ಕಾಪಿ ಮಾಡ್ತಿತ್ತು. ಅಡೋಬಿಯ 64-ಬಿಟ್ ಫ್ಲ್ಯಾಶ್ ಪ್ಲಗಿನ್ ಒಂದರ ಮೇಲೊಂದು ಬರೋ ಜಾಗಗಳಿಗೂ ಮೆಮ್‌ಕಾಪಿಯನ್ನೇ ಬಳಸಿತ್ತು. ಅಲ್ಲಿವರೆಗೆ ಅದೃಷ್ಟ ಚೆನ್ನಾಗಿತ್ತು, ಫೆಡೋರಾ 14ರಲ್ಲಿ ಕೈಕೊಟ್ಟಿತು. ತಪ್ಪು ಫ್ಲ್ಯಾಶ್‌ದು ಅಂತ ಕೆಲವರು ವಾದಿಸಿದ್ರು. ನಿನ್ನೆವರೆಗೆ ಓಡ್ತಿದ್ದದ್ದನ್ನ ಬಳಕೆದಾರರಿಗೆ ಕೆಡಿಸಬಾರದು ಅನ್ನೋದು ಲಿನಸ್ ಟೊರ್ವಾಲ್ಡ್ಸ್ ವಾದ. 2011ರ ಜಿಲಿಬ್‌ಸಿ 2.14ರಲ್ಲಿ ರಾಜಿ ಆಯ್ತು: ಹಳೇ ಪ್ರೋಗ್ರಾಮ್‌ಗಳಿಗೆ ಸುರಕ್ಷಿತ ಮೆಮ್‌ಕಾಪಿ, ಹೊಸದಾಗಿ ಕಂಪೈಲ್ ಮಾಡಿದವಕ್ಕೆ ವೇಗದ್ದು.

ನನ್ನ ಪ್ರಕಾರ ಇಬ್ಬರ ಮಾತಲ್ಲೂ ನ್ಯಾಯ ಇದೆ. ಆದ್ರೆ ಕೋಡ್ ಬರೆಯೋ ನಮಗೆ ಪಾಠ ಒಂದೇ: "ನನ್ನ ಮಷೀನ್‌ನಲ್ಲಿ ಓಡ್ತಿದೆ" ಅನ್ನೋದು ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಅನುಮಾನ ಇದ್ರೆ ಮೆಮ್‌ಮೂವ್ ಬಳಸಿ. ಟೆಸ್ಟ್ ಮಾಡುವಾಗ ಅಡ್ರೆಸ್ ಸ್ಯಾನಿಟೈಜರ್ ಆನ್ ಮಾಡಿ, ಇಂಥ ಮೆಮ್‌ಕಾಪಿ ಕಂಡ್ರೆ ಅಲ್ಲೇ ನಿಲ್ಲಿಸಿ ಹೇಳುತ್ತೆ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.